ಎರಡು ಕಿರೀಟಗಳ ಗುರು ನ್ಯಾಟ್ ಹೋಲ್ಮನ್

ಅಮೆರಿಕದ ಕಾಲೇಜು ಬಾಸ್ಕೆಟ್ ಬಾಲ್ ಆಟದ ಇತಿಹಾಸದಲ್ಲಿ ಒಂದೇ ವರ್ಷ, ಹತ್ತೇ ದಿನಗಳ ಅಂತರದಲ್ಲಿ, ಆ ದೇಶದ ಎರಡು ಮಹಾ ಪ್ರಶಸ್ತಿಗಳನ್ನೂ ಗೆದ್ದುಕೊಂಡ ತಂಡವು ಒಂದೇ ಒಂದು. ಅದು 1950ನೆಯ ಇಸವಿಯ ನ್ಯೂಯಾರ್ಕ್ ಸಿಟಿ ಕಾಲೇಜಿನ ತಂಡ. ಅದರ ಗುರುಗಳು ನ್ಯಾಟ್ ಹೋಲ್ಮನ್ನರು. ಅವರ ಬಾಳಿನ ಅತ್ಯುನ್ನತ ಗೌರವವೂ ಅತಿ ದೊಡ್ಡ ಅಪಮಾನವೂ ಆ ಒಂದೇ ಋತುವಿನ ಹೊಟ್ಟೆಯಲ್ಲಿ ಅವಳಿಗಳಂತೆ ಬೆಳೆದವು.

ಹೋಲ್ಮನ್ನರು 1896ನೆಯ ಇಸವಿ ಅಕ್ಟೋಬರ್ 19ರಂದು ನ್ಯೂಯಾರ್ಕಿನ ಲೋವರ್ ಈಸ್ಟ್ ಸೈಡ್ ಎಂಬ ಕೇರಿಯಲ್ಲಿ ಜನಿಸಿದರು. ತಂದೆತಾಯಿಗಳು ರಷ್ಯಾ ದೇಶವನ್ನು ಬಿಟ್ಟು ಹೊಟ್ಟೆಪಾಡಿಗಾಗಿ ಬಂದ ಯೆಹೂದ್ಯರು. ಒಂದೊಂದು ಕೋಣೆಯಲ್ಲಿ ಹಲವರು ಮಲಗುವ ಬಿಡಾರಗಳು, ಬೀದಿಯ ತುಂಬ ತಳ್ಳುಗಾಡಿಗಳು, ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು. ಊರು ಬಿಟ್ಟು ಬಂದ ನಮ್ಮವರಿಗೆ ಈ ಚಿತ್ರವನ್ನು ವಿವರಿಸಿ ಹೇಳಬೇಕಾದುದಿಲ್ಲ. ಬಾಸ್ಕೆಟ್ ಬಾಲ್ ಆಟವು ಹುಟ್ಟಿದುದು 1891ರಲ್ಲಿ. ಹೋಲ್ಮನ್ನರಿಗಿಂತ ಅದು ಐದು ವರ್ಷಗಳಷ್ಟೇ ಹಿರಿದು. ಹುಲ್ಲುಮೈದಾನವಿಲ್ಲದ ಕೇರಿಗಳಲ್ಲಿ, ಒಂದು ಚೆಂಡು, ಒಂದು ಬುಟ್ಟಿ, ಇಷ್ಟು ನೆಲ ಇದ್ದರೆ ಸಾಕಾಗುವ ಆ ಆಟವು ಬಡವರ ಮಕ್ಕಳ ಆಟವಾಯಿತು.

ಅವರು ದೇಹಶಿಕ್ಷಣದ ಶಾಲೆಯೊಂದರಲ್ಲಿ ಕಲಿತು, 1917ರಲ್ಲಿ ಸಿಟಿ ಕಾಲೇಜನ್ನು ಸೇರಿ, 1919ರಲ್ಲಿ ಅಲ್ಲಿಯ ಬಾಸ್ಕೆಟ್ ಬಾಲ್ ತಂಡದ ಮುಖ್ಯ ಶಿಕ್ಷಕರಾದರು. 1920ರ ದಶಕದುದ್ದಕ್ಕೂ ಒಂದು ಕಡೆ ಹುಡುಗರಿಗೆ ಪಾಠ ಹೇಳುತ್ತ, ಇನ್ನೊಂದು ಕಡೆ ಒರಿಜಿನಲ್ ಸೆಲ್ಟಿಕ್ಸ್ ಎಂಬ ವೃತ್ತಿನಿರತ ತಂಡದಲ್ಲಿ ತಾವೇ ಆಡುತ್ತಿದ್ದರು. ಆ ಕಾಲದಲ್ಲಿ ಸೆಲ್ಟಿಕ್ಸರಿಗೆ ಸಮಾನರಿರಲಿಲ್ಲ. ಚೆಂಡನ್ನು ಕೈಯಲ್ಲಿ ಇಟ್ಟುಕೊಳ್ಳದೆ ಕ್ಷಣಾರ್ಧದಲ್ಲಿ ಜೊತೆಗಾರನಿಗೆ ದಾಟಿಸುವುದು, ದಾಟಿಸಿದೊಡನೆ ಬುಟ್ಟಿಯತ್ತ ಓಡುವುದು, ಎದುರಾಳಿಯನ್ನು ಕಣ್ಸನ್ನೆಯಲ್ಲೇ ಮೋಸಗೊಳಿಸುವುದು, ಇವು ಹೋಲ್ಮನ್ನರ ಆಟದ ಲಕ್ಷಣಗಳು. ಎತ್ತರದ ಮೈಕಟ್ಟಿಗಿಂತ ಚುರುಕು ಬುದ್ಧಿಯೇ ಮೇಲೆಂಬುದು ಅವರ ಸಿದ್ಧಾಂತ. ಜನರು ಅವರನ್ನು ಮಿಸ್ಟರ್ ಬಾಸ್ಕೆಟ್ ಬಾಲ್ ಎಂದೇ ಕರೆದರು.

ಸಿಟಿ ಕಾಲೇಜಿನ ವಿಷಯವಾಗಿ ಎರಡು ಮಾತು ಹೇಳಲೇಬೇಕು. 1847ರಲ್ಲಿ ಸ್ಥಾಪಿತವಾದ ಈ ವಿದ್ಯಾಲಯದಲ್ಲಿ ಬೋಧನಶುಲ್ಕವೇ ಇರಲಿಲ್ಲ; 1976ರ ವರೆಗೂ ಈ ಪದ್ಧತಿ ನಡೆಯಿತು. ಬುದ್ಧಿಯುಳ್ಳ ಬಡ ಹುಡುಗನಿಗೆ ಬಾಗಿಲು ತೆರೆದಿತ್ತು. ದರ್ಜಿಗಳ, ಅಂಗಡಿಯವರ, ಕಾರ್ಖಾನೆಯ ಕೂಲಿಗಳ ಮಕ್ಕಳು ಅಲ್ಲಿ ಓದಿ ವೈದ್ಯರೂ ವಕೀಲರೂ ಅಧ್ಯಾಪಕರೂ ಆದರು. ಹೀಗಾಗಿ ಆ ಕಾಲೇಜಿನ ತಂಡ ಗೆದ್ದರೆ ಕೇರಿಗೆ ಕೇರಿಯೇ ಗೆದ್ದಂತೆ ಹಿಗ್ಗುತ್ತಿತ್ತು.

1949ರ ಚಳಿಗಾಲದಲ್ಲಿ ಹೋಲ್ಮನ್ನರ ಕೈಗೆ ಬಂದ ತಂಡದಲ್ಲಿ ಎಡ್ ವಾರ್ನರ್, ಎಡ್ ರೋಮನ್, ಫ್ಲಾಯ್ಡ್ ಲೇನ್, ಆಲ್ ರಾತ್ ಎಂಬ ನಾಲ್ವರು ಎರಡನೆಯ ವರ್ಷದ ವಿದ್ಯಾರ್ಥಿಗಳಿದ್ದರು. ಹಿರಿಯರ ಪೈಕಿ ಅರ್ವಿನ್ ಡ್ಯಾಂಬ್ರಾಟ್, ನಾರ್ಮನ್ ಮೇಗರ್ ಮುಖ್ಯರು. ಕೆಲವರು ಯೆಹೂದ್ಯರು, ವಾರ್ನರ್ ಮತ್ತು ಲೇನ್ ಕರಿಯರು. ದಕ್ಷಿಣದ ಎಷ್ಟೋ ಕಾಲೇಜುಗಳು ಕರಿಯ ಹುಡುಗನನ್ನು ಹೊಸ್ತಿಲೊಳಗೆ ಬಿಡದಿದ್ದ ಕಾಲವದು. ಋತುವಿನ ಮಧ್ಯಭಾಗದಲ್ಲಿ ತಂಡವು ಎಡವಿತು. 17 ಗೆಲವು, 5 ಸೋಲುಗಳೊಡನೆ ಋತು ಮುಗಿದಾಗ ಎನ್.ಐ.ಟಿ. ಎಂಬ ಆಮಂತ್ರಣ ಪಂದ್ಯಾವಳಿಯ 12 ತಂಡಗಳಲ್ಲಿ ಕಟ್ಟಕಡೆಯದಾಗಿ ಸಿಟಿ ಕಾಲೇಜಿಗೆ ಕರೆ ಬಂದಿತು.

ಪಂದ್ಯಗಳು ನಡೆದುದು ಸುಮಾರು ಹದಿನೆಂಟು ಸಾವಿರ ಜನ ಕೂಡುವ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಎಂಬ ಭವನದಲ್ಲಿ. ಮೊದಲು ಹಿಂದಿನ ವರ್ಷ ಅದೇ ಪಂದ್ಯಾವಳಿಯನ್ನು ಗೆದ್ದಿದ್ದ ಸ್ಯಾನ್ ಫ್ರಾನ್ಸಿಸ್ಕೊ ತಂಡವು 65–46ರಿಂದ ಸೋತಿತು. ಅನಂತರ ಎದುರಾದುದು ಕೆಂಟಕಿ. ಹಿಂದಿನ ಎರಡು ವರ್ಷಗಳಲ್ಲೂ ಎನ್.ಸಿ.ಎ.ಎ. ಪ್ರಶಸ್ತಿಯನ್ನು ಗೆದ್ದ ವಿಶ್ವವಿದ್ಯಾಲಯವದು. ಅಡಾಲ್ಫ್ ರಪ್ ಅವರ ಶಿಷ್ಯರಲ್ಲಿ ಒಬ್ಬನೂ ಕರಿಯನಿಲ್ಲ. ಆಟಕ್ಕೆ ಮೊದಲು ಕೆಂಟಕಿಯ ಕೆಲವು ಹುಡುಗರು ಕೈಕುಲುಕದೆ ಮುಖ ತಿರುಗಿಸಿದರೆಂದು ಸಿಟಿ ಕಾಲೇಜಿನವರು ಮುಂದೆ ಹೇಳಿದ್ದುಂಟು. ಉತ್ತರವನ್ನು ಅವರು ಬಾಯಿಂದ ಕೊಡಲಿಲ್ಲ. ಆಟ ಮುಗಿದಾಗ 89–50! ರಪ್ ಅವರ ತಂಡವು ಅಂಥ ಸೋಲನ್ನು ಅದುವರೆಗೆ ಕಂಡಿರಲಿಲ್ಲ. ಡುಕೇನ್ ತಂಡವನ್ನು ದಾಟಿ, ಮಾರ್ಚ್ 18ರಂದು, ಆ ವರ್ಷ ದೇಶದಲ್ಲೇ ಪ್ರಥಮವೆನಿಸಿದ್ದ ಬ್ರಾಡ್ಲಿ ತಂಡವನ್ನು 69–61ರಿಂದ ಸೋಲಿಸಿ ಮೊದಲನೆಯ ಕಿರೀಟವನ್ನು ತೊಟ್ಟರು.

ಎಂಟೇ ತಂಡಗಳ ಎನ್.ಸಿ.ಎ.ಎ. ಪಂದ್ಯಾವಳಿ ಅದರ ಬೆನ್ನಿಗೇ ಬಂದಿತು. ಓಹಾಯೋ ಸ್ಟೇಟ್ ತಂಡವನ್ನು ಒಂದೇ ಅಂಕದಿಂದಲೂ, ನಾರ್ತ್ ಕೆರೊಲಿನಾ ಸ್ಟೇಟ್ ತಂಡವನ್ನು ಐದು ಅಂಕಗಳಿಂದಲೂ ಗೆದ್ದು ಮಾರ್ಚ್ 28ರಂದು ಮತ್ತೆ ಬ್ರಾಡ್ಲಿಯನ್ನೇ ಎದುರಿಸಬೇಕಾಯಿತು. ಕೊನೆಯ ಕ್ಷಣಗಳಲ್ಲಿ ಬ್ರಾಡ್ಲಿಯ ಮೆಲ್ಕಿಯೋರೆ ಚೆಂಡಿನೊಡನೆ ಬುಟ್ಟಿಯತ್ತ ನುಗ್ಗಿದನು. ಅಂತರವು ಒಂದೇ ಅಂಕ. ಡ್ಯಾಂಬ್ರಾಟನು ಅವನ ಎಸೆತವನ್ನು ತಡೆದು, ಚೆಂಡನ್ನು ಕಸಿದು, ಅತ್ತ ಮುಂದೆ ಓಡುತ್ತಿದ್ದ ಮೇಗರನಿಗೆ ಎಸೆದನು. ಮೇಗರನು ಅದನ್ನು ಬುಟ್ಟಿಗೆ ಸೇರಿಸಿದನು. 71–68. ಮರುದಿನ ಕಾಲೇಜಿನಲ್ಲಿ ಪಾಠಗಳು ನಡೆಯಲಿಲ್ಲ. ವಿದ್ಯಾರ್ಥಿಗಳ ಸಮೂಹವು ಕುಣಿದಾಡಿತು. ಹೋಲ್ಮನ್ನರಿಗೆ ಆಗ 53 ವರ್ಷ.

ಈಗ ಕಥೆಯ ಇನ್ನೊಂದು ಮುಖಕ್ಕೆ ಬರೋಣ. ಅದಕ್ಕಾಗಿ ಓದುಗರು ಹೋಟೆಲುಗಳಿಗೇ ಹೋಗಬೇಕು.

ನ್ಯೂಯಾರ್ಕಿನ ಉತ್ತರಕ್ಕೆ ಕ್ಯಾಟ್‌ಸ್ಕಿಲ್ ಎಂಬ ಗುಡ್ಡಗಾಡು. ಬೇಸಗೆಯಲ್ಲಿ ನಗರದ ಯೆಹೂದ್ಯ ಕುಟುಂಬಗಳು ತಂಗಲು ಹೋಗುತ್ತಿದ್ದ ದೊಡ್ಡ ಹೋಟೆಲುಗಳು ಅಲ್ಲಿದ್ದವು. ಅವು ಕಾಲೇಜು ಆಟಗಾರರನ್ನು ಬೇಸಗೆಯ ಮಟ್ಟಿಗೆ ಮಾಣಿಗಳಾಗಿಯೂ ಸಾಮಾನು ಹೊರುವವರಾಗಿಯೂ ನೇಮಿಸಿಕೊಳ್ಳುತ್ತಿದ್ದವು. ಹಗಲೆಲ್ಲ ತಟ್ಟೆ ಹೊತ್ತ ಹುಡುಗರು ಸಂಜೆ ಹೋಟೆಲಿನ ಹೆಸರಿನಲ್ಲಿ ಬಾಸ್ಕೆಟ್ ಬಾಲ್ ಆಡಿ ಅತಿಥಿಗಳನ್ನು ರಂಜಿಸಬೇಕು. ಎರಡೂ ತಂಡಗಳ ಒಟ್ಟು ಅಂಕ ಎಷ್ಟಾದೀತೆಂದು ಅತಿಥಿಗಳು ಡಾಲರುಗಳನ್ನು ಕೂಡಿಸಿ ಪಣ ಕಟ್ಟುವರು. ಗೆದ್ದವನು ಖುಷಿಯಿಂದ ಆಟಗಾರನ ಕೈಗೂ ಒಂದಿಷ್ಟು ಇಡುವನು. ಟಿಪ್ಪಿಗೂ ಲಂಚಕ್ಕೂ ನಡುವಣ ಗೆರೆ ಅಳಿಸಿಹೋಗುವುದು ಹೀಗೆಯೇ. 1950ರ ಬೇಸಗೆಯಲ್ಲಿ ಸಾಲ್ವಟೋರ್ ಸೊಲ್ಲಾಜ಼ೊ ಎಂಬ ಆಭರಣ ವ್ಯಾಪಾರಿ ಅಂಥದೊಂದು ಹೋಟೆಲಿಗೆ ಬಂದು ಎಡ್ಡಿ ಗಾರ್ಡ್ ಎಂಬ ಬೇರೊಂದು ಕಾಲೇಜಿನ ಆಟಗಾರನ ಪರಿಚಯ ಮಾಡಿಕೊಂಡನು. ಗಾರ್ಡನು ದಲ್ಲಾಳಿಯಾದನು.

ಸಟ್ಟೆಯ ವಿಚಾರ ಮುಂಬಯಿಯವರಿಗೆ ಹೊಸದಲ್ಲ. ಆದರೆ ಈ ಸಟ್ಟೆಯ ಬಗೆ ಬೇರೆ. ಯಾರು ಗೆಲ್ಲುವರೆಂದಲ್ಲ, ಎಷ್ಟು ಅಂಕಗಳಿಂದ ಗೆಲ್ಲುವರೆಂಬುದರ ಮೇಲೆ ಬಾಜಿ. ಹತ್ತು ಅಂಕಗಳಿಂದ ಗೆಲ್ಲಬೇಕಾದ ತಂಡವು ಆರರಿಂದಷ್ಟೇ ಗೆದ್ದರೂ ಜೂಜುಕೋರನಿಗೆ ಸಾವಿರಾರು ಡಾಲರು ಲಾಭ. ಆದುದರಿಂದ ಹುಡುಗನಿಗೆ ಹೇಳುವ ಮಾತೂ ಸುಲಭ: ಸೋಲಬೇಡ, ಸ್ವಲ್ಪ ಕಡಿಮೆ ಗೆಲ್ಲು. ಇದರಲ್ಲಿ ಕಾಲೇಜಿಗೆ ದ್ರೋಹವೆಲ್ಲಿ ಬಂತೆಂದು ಅವನು ತನ್ನನ್ನು ತಾನೇ ಸಮಾಧಾನಪಡಿಸಿಕೊಳ್ಳುವನು. ಒಂದು ಪಂದ್ಯಕ್ಕೆ 1,500 ಡಾಲರುಗಳ ವರೆಗೆ ಸಿಗುತ್ತಿತ್ತು.

1951ರ ಜನವರಿಯಲ್ಲಿ ಮ್ಯಾನ್‌ಹಟನ್ ಕಾಲೇಜಿನ ಜೂನಿಯಸ್ ಕೆಲಾಗ್ ಎಂಬ ಕರಿಯ ತರುಣನು, ತನಗೆ 1,000 ಡಾಲರುಗಳ ಆಮಿಷ ಬಂದುದನ್ನು ನೇರವಾಗಿ ತನ್ನ ಶಿಕ್ಷಕರಿಗೆ ತಿಳಿಸಿದನು. ಅವನೂ ಬಡವನೇ, ದೊಡ್ಡ ಕುಟುಂಬದ ಮಗನೇ. ಅಲ್ಲಿಂದ ದಾರ ಬಿಚ್ಚಿತು. ಫೆಬ್ರವರಿ 18ರಂದು, ಫಿಲಡೆಲ್ಫಿಯಾದಲ್ಲಿ ಟೆಂಪಲ್ ತಂಡವನ್ನು ಗೆದ್ದು ರೈಲಿನಲ್ಲಿ ಹಿಂತಿರುಗಿದ ಸಿಟಿ ಕಾಲೇಜಿನ ವಾರ್ನರ್, ರೋಮನ್, ರಾತ್ ಮೂವರನ್ನು ಪೊಲೀಸರು ನ್ಯೂಯಾರ್ಕಿನಲ್ಲಿ ವಶಪಡಿಸಿಕೊಂಡರು. ನಿಜವನ್ನೇ ಹೇಳಿರೆಂದು ಹೋಲ್ಮನ್ನರು ಅವರಿಗೆ ಬುದ್ಧಿ ಹೇಳಿದರು. ಕೆಲವು ದಿನಗಳಲ್ಲಿ ಲೇನನೂ ಸಿಕ್ಕಿಬಿದ್ದನು. ಪಡೆದ ಸುಮಾರು ಮೂರು ಸಾವಿರ ಡಾಲರುಗಳನ್ನು ಅವನು ಹೂವಿನ ಕುಂಡದಲ್ಲಿ ಹೂತಿಟ್ಟಿದ್ದನು. ಆಮೇಲೆ ಡ್ಯಾಂಬ್ರಾಟ್, ಮೇಗರ್, ಹರ್ಬ್ ಕೊಹೆನ್. ಕಿರೀಟ ಗೆದ್ದ ಋತುವಿನಲ್ಲೇ ಮೂರು ಪಂದ್ಯಗಳು ಹೀಗೆ ಕಲುಷಿತವಾಗಿದ್ದುವೆಂದು ತಿಳಿಯಿತು.

ಒಟ್ಟು ಲೆಕ್ಕದಲ್ಲಿ ಏಳು ಕಾಲೇಜುಗಳ 32 ಆಟಗಾರರು, 86 ಪಂದ್ಯಗಳು ಬೆಳಕಿಗೆ ಬಂದುವು. ಬ್ರಾಡ್ಲಿಯ ಮೆಲ್ಕಿಯೋರೆಯೂ ಅವರಲ್ಲೊಬ್ಬನು, ಕೆಂಟಕಿಯವರೂ ತಪ್ಪಿಸಿಕೊಳ್ಳಲಿಲ್ಲ. ಸೊಲ್ಲಾಜ಼ೊಗೆ 8ರಿಂದ 16 ವರ್ಷಗಳ ಸೆರೆ, ವಾರ್ನರನಿಗೂ ಸೆರೆ. ಅಪರಾಧಿ ಆಟಗಾರರಿಗೆಲ್ಲ ವೃತ್ತಿ ಲೀಗಿನ ಬಾಗಿಲು ಶಾಶ್ವತವಾಗಿ ಮುಚ್ಚಿತು. ಆ ಹುಡುಗರ ಆಟಕ್ಕೆ ಟಿಕೇಟು ಮಾರಿ ಸಂಪಾದಿಸಿದವರಿಗೆ ಯಾವ ಶಿಕ್ಷೆಯೂ ಆಗಲಿಲ್ಲವೆಂಬುದನ್ನು ಇಲ್ಲಿ ಬರೆಯದೆ ಬಿಡುವುದು ನ್ಯಾಯವಲ್ಲ.

ಹೋಲ್ಮನ್ನರು ಒಂದು ಕಾಸನ್ನೂ ಮುಟ್ಟಿದವರಲ್ಲ. ಹಾಗೆಂದು ಯಾರೂ ಆಪಾದಿಸಲೂ ಇಲ್ಲ. ಆದರೆ ಹಿಂದೊಮ್ಮೆ ಲಂಚದ ಯತ್ನ ನಡೆದಾಗ ಮೇಲಿನವರಿಗೆ ತಿಳಿಸಲಿಲ್ಲವೆಂದು, ಶಿಕ್ಷಕರಿಗೆ ತಕ್ಕಂತೆ ನಡೆಯಲಿಲ್ಲವೆಂದು 1952ರ ನವೆಂಬರಿನಲ್ಲಿ ಅವರನ್ನು ಸಹಾಯಕ ಬಾಬ್ಬಿ ಸ್ಯಾಂಡರೊಡನೆ ಅಮಾನತಿನಲ್ಲಿಟ್ಟರು. ಕೆಲವು ಆಟಗಾರರ ಶಾಲಾ ಅಂಕಪಟ್ಟಿಗಳನ್ನು ತಿದ್ದಿ ಕಾಲೇಜಿಗೆ ಸೇರಿಸಿಕೊಂಡ ಸಂಗತಿಯೂ ತನಿಖೆಯಲ್ಲಿ ಹೊರಬಿದ್ದಿತ್ತು. 1954ರಲ್ಲಿ ಮಂಡಲಿಯು ಅವರನ್ನು ವಜಾ ಮಾಡಿತು. ಅವರು ರಾಜ್ಯದ ಶಿಕ್ಷಣಾಧಿಕಾರಿಯವರಿಗೆ ಮೇಲ್ಮನವಿ ಸಲ್ಲಿಸಿ ಅದೇ ವರ್ಷ ಕೆಲಸವನ್ನು ಮರಳಿ ಪಡೆದರು. ನನಗನಿಸುವ ಮಟ್ಟಿಗೆ, ಅವರ ತಪ್ಪು ಮಾಡಿದುದರಲ್ಲಲ್ಲ, ಕೇಳದೆ ಹೋದುದರಲ್ಲಿತ್ತು. ಹುಡುಗರ ಕಾಲ್ಚಳಕದ ಅತಿ ಸಣ್ಣ ಕುಂದೂ ಅವರ ಕಣ್ಣಿಗೆ ಬೀಳುತ್ತಿತ್ತು. ಆದರೆ ಅವರ ಹೆಸರುಗಳನ್ನು ತಪ್ಪಾಗಿ ಕೂಗುತ್ತಿದ್ದರಂತೆ. ಮನೆಯ ಸುಖದುಃಖ ಹೇಳಿಕೊಳ್ಳಲು ಹುಡುಗರು ಸ್ಯಾಂಡರ ಬಳಿಗೆ ಹೋಗುವರು, ಹೋಲ್ಮನ್ನರ ಬಳಿಗಲ್ಲ.

ಕಾಲೇಜು ಗಾರ್ಡನ್ನಿನ ಸಹವಾಸವನ್ನು ಬಿಟ್ಟು ತನ್ನ ಸಣ್ಣ ಅಂಗಣಕ್ಕೆ ಹಿಂತಿರುಗಿತು. 1960ರಲ್ಲಿ ಹೋಲ್ಮನ್ನರು ನಿವೃತ್ತರಾದಾಗ ಅವರ ಹೆಸರಿನಲ್ಲಿ ನಾನೂರಕ್ಕೂ ಮಿಕ್ಕಿದ ಗೆಲವುಗಳಿದ್ದುವು. 1964ರಲ್ಲಿ ಬಾಸ್ಕೆಟ್ ಬಾಲ್ ಕೀರ್ತಿಭವನದಲ್ಲಿ ಅವರಿಗೆ ಸ್ಥಾನ ದೊರೆಯಿತು, ಗುರುವೆಂದಲ್ಲ, ಆಟಗಾರನೆಂದು. ಇತ್ತ ಶಿಷ್ಯರಲ್ಲಿ ಡ್ಯಾಂಬ್ರಾಟನು ದಂತವೈದ್ಯನಾದನು. ಹೂಕುಂಡದಲ್ಲಿ ಹಣ ಹೂತಿಟ್ಟ ಲೇನನನ್ನು 1974ರಲ್ಲಿ ಸಿಟಿ ಕಾಲೇಜು ತನ್ನ ಬಾಸ್ಕೆಟ್ ಬಾಲ್ ತಂಡದ ಶಿಕ್ಷಕನನ್ನಾಗಿ ಕರೆಯಿತು. ಹೋಲ್ಮನ್ನರು ನಾಲ್ಕು ದಶಕಗಳ ಕಾಲ ತಮ್ಮದೆನಿಸಿಕೊಂಡಿದ್ದ ಕೆಲಸವೇ ಅದು. ಅದನ್ನು ಕಣ್ಣಾರೆ ಕಂಡು, ಇನ್ನೂ ಎರಡು ದಶಕ ಬಾಳಿ, 1995ರ ಫೆಬ್ರವರಿ 12ರಂದು ನ್ಯೂಯಾರ್ಕಿನಲ್ಲಿ ತಮ್ಮ 98ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.