ಬಿ. ಪಿ. ಪಾಲ್

ಬೆಂಜಮಿನ್ ಪಿಯರಿ ಪಾಲ್ (ಮೇ 26, 1906 – ಸೆಪ್ಟೆಂಬರ್ 14, 1989) ಭಾರತದ ಪ್ರಸಿದ್ಧ ಸಸ್ಯತಳಿ ವಿಜ್ಞಾನಿ. ಗೋಧಿಯ ರೋಗನಿರೋಧಕ ತಳಿಗಳಿಂದಲೂ ಈ ನೆಲದಲ್ಲಿ ರೂಪಿಸಿದ ಗುಲಾಬಿ ತಳಿಗಳಿಂದಲೂ ಅವರು ಹೆಸರಾಗಿದ್ದಾರೆ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಮೊದಲ ಮಹಾನಿರ್ದೇಶಕರೂ ಆಗಿದ್ದರು.

ಜನನ ಮತ್ತು ಶಿಕ್ಷಣ

ಪಾಲ್ ಅವರು ಪಂಜಾಬಿನ ಮುಕಂದಪುರದಲ್ಲಿ ಜನಿಸಿದರು. ತಂದೆ ಬರ್ಮಾದಲ್ಲಿ ವೈದ್ಯಾಧಿಕಾರಿಯಾಗಿದ್ದುದರಿಂದ ಬಾಲ್ಯ ಅಲ್ಲಿಯೇ ಕಳೆಯಿತು. ರಂಗೂನ್ ವಿಶ್ವವಿದ್ಯಾನಿಲಯದಲ್ಲಿ ಸಸ್ಯಶಾಸ್ತ್ರದ ಸ್ನಾತಕೋತ್ತರ ಪದವಿ ಪಡೆದು, ಕೇಂಬ್ರಿಜ್‌ನಲ್ಲಿ ಗೋಧಿಯ ಸಂಕರಣವನ್ನು ಕುರಿತು ಸಂಶೋಧನೆ ನಡೆಸಿ ಡಾಕ್ಟರೇಟ್ ಗಳಿಸಿದರು.

ಗೋಧಿ ಸಂಶೋಧನೆ

1933ರಲ್ಲಿ ಬಿಹಾರದ ಪೂಸಾದಲ್ಲಿದ್ದ ಇಂಪೀರಿಯಲ್ ಕೃಷಿ ಸಂಶೋಧನಾ ಸಂಸ್ಥೆಯನ್ನು ಸೇರಿದರು. 1934ರ ಭೂಕಂಪದಲ್ಲಿ ಅಲ್ಲಿನ ಕಟ್ಟಡಗಳು ಹಾಳಾದ ಕಾರಣ ಸಂಸ್ಥೆಯನ್ನು ದೆಹಲಿಗೆ ಸ್ಥಳಾಂತರಿಸಲಾಯಿತು. ತುಕ್ಕು ರೋಗ ಅಥವಾ ಭಂಡಾರ ರೋಗವು ತೆನೆಗಟ್ಟುವ ಹಂತದ ಗೋಧಿಯನ್ನು ನಾಶಮಾಡಿ ರೈತನ ವರ್ಷದ ದುಡಿಮೆಯನ್ನೇ ಕಸಿಯುತ್ತಿತ್ತು. ಕಾಂಡ, ಎಲೆ ಮತ್ತು ಪಟ್ಟೆ ಎಂಬ ಮೂರೂ ಬಗೆಯ ತುಕ್ಕನ್ನು ತಡೆಯಬಲ್ಲ ಎನ್.ಪಿ. 809 ತಳಿಯನ್ನು ಅವರ ನೇತೃತ್ವದ ತಂಡ 1954ರಲ್ಲಿ ನೀಡಿತು. 1950ರಿಂದ ಸಂಸ್ಥೆಯ ನಿರ್ದೇಶಕರಾಗಿದ್ದ ಪಾಲ್, 1965ರಲ್ಲಿ ಪರಿಷತ್ತಿನ ಮಹಾನಿರ್ದೇಶಕರಾದರು.

ಗುಲಾಬಿ ತಳಿಗಳು

ಯುರೋಪಿನ ತಂಪು ಹವೆಯಲ್ಲಿ ರೂಪುಗೊಂಡ ಅನೇಕ ಗುಲಾಬಿಗಳು ಉತ್ತರ ಭಾರತದ ಬಿರುಬೇಸಗೆಯಲ್ಲಿ ಸೊರಗುತ್ತಿದ್ದವು. ಆದ್ದರಿಂದ ಇಲ್ಲಿನ ಹವೆಗೆ ಹೊಂದುವ ತಳಿಗಳನ್ನು ಇಲ್ಲಿಯೇ ಸಂಕರಿಸಿ ಆರಿಸಬೇಕೆಂಬುದು ಪಾಲ್ ಅವರ ನಿಲುವಾಗಿತ್ತು. ಡೆಲ್ಲಿ ಪ್ರಿನ್ಸೆಸ್, ಡಾಕ್ಟರ್ ಹೋಮಿ ಭಾಭಾ, ಸುಗಂಧಕ್ಕೆ ಹೆಸರಾದ ರೋಸ್ ಶರ್ಬತ್ ಅವರ ತಳಿಗಳಲ್ಲಿ ಕೆಲವು. 1966ರಲ್ಲಿ ಅವರ 'ದಿ ರೋಸ್ ಇನ್ ಇಂಡಿಯಾ' ಗ್ರಂಥ ಪ್ರಕಟವಾಯಿತು.

ಗುಲಾಬಿಯಲ್ಲಿ ಉತ್ತಮ ತಳಿಯ ನಿರ್ಣಯವು ಅದರ ಉದ್ದೇಶವನ್ನು ಅವಲಂಬಿಸಿದೆ. ಉದ್ಯಾನದ ತಳಿಗೆ ಬಣ್ಣ, ಆಕಾರ, ಮತ್ತೆ ಮತ್ತೆ ಹೂಬಿಡುವ ಗುಣ ಮುಖ್ಯ. ತೈಲಕ್ಕಾಗಿ ಬೆಳೆಯುವ ತಳಿಯಲ್ಲಿ ಹೂವಿನ ಇಳುವರಿ, ಹೂವಿನಲ್ಲಿರುವ ತೈಲದ ಪ್ರಮಾಣ, ಸಿಟ್ರೊನೆಲ್ಲಾಲ್ ಮತ್ತು ಜೆರೇನಿಯಾಲ್‌ನಂತಹ ಸುಗಂಧ ಘಟಕಗಳ ಪಾಲು ಈ ಮೂರನ್ನೂ ಒಟ್ಟಿಗೆ ತೂಗಬೇಕು. ತೈಲಕ್ಕೆ ಪ್ರಸಿದ್ಧವಾದ ದಮಾಸ್ಕಸ್ ಗುಲಾಬಿಯು ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಕೆಲವೇ ವಾರ ಅರಳುತ್ತದೆ. ಒಂದು ಕಿಲೋಗ್ರಾಂ ತೈಲಕ್ಕೆ ಸುಮಾರು 3,000ದಿಂದ 5,000 ಕಿಲೋಗ್ರಾಂ ಹೂವು ಬೇಕಾಗುತ್ತದೆ. ಪುಷ್ಕರದ ಸುತ್ತಮುತ್ತ ಬೆಳೆಯುವ ಎಡ್ವರ್ಡ್ ಗುಲಾಬಿ ಹೆಚ್ಚು ಕಾಲ ಹೂಬಿಟ್ಟರೂ ಅದರಲ್ಲಿ ತೈಲಾಂಶ ಕಡಿಮೆ. ಹೀಗಾಗಿ ಹೂವಿನ ರಾಶಿಯೊಂದನ್ನೇ ನೋಡಿ ತಳಿಯನ್ನು ಆರಿಸಿದ ಬೆಳೆಗಾರನಿಗೆ ಭಟ್ಟಿಯಲ್ಲಿ ನಷ್ಟವಾಗಬಹುದು. ಒಂದು ಗುಣಕ್ಕೆ ಮರುಳಾಗದೆ, ಬೆಳೆಯುವ ನೆಲದಲ್ಲಿಯೇ ಹಲವು ಗುಣಗಳನ್ನು ಪರೀಕ್ಷಿಸಿ ಆರಿಸುವ ಈ ಕ್ರಮವೇ ಪಾಲ್ ಅವರ ಗೋಧಿ ಮತ್ತು ಗುಲಾಬಿ ಸಂಶೋಧನೆಗಳೆರಡಕ್ಕೂ ತಳಹದಿಯಾಗಿತ್ತು.

ಗೌರವಗಳು

ಭಾರತ ಸರ್ಕಾರವು ಅವರಿಗೆ ಪದ್ಮಶ್ರೀ (1959), ಪದ್ಮಭೂಷಣ (1968) ಹಾಗೂ ಪದ್ಮವಿಭೂಷಣ (1987) ಪ್ರಶಸ್ತಿಗಳನ್ನು ನೀಡಿ ಗೌರವಿಸಿತು. 1972ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವ ದೊರೆಯಿತು.

ನಿಧನ

ಅವಿವಾಹಿತರಾಗಿದ್ದ ಪಾಲ್ ಅವರು 1989ರ ಸೆಪ್ಟೆಂಬರ್ 14ರಂದು ನಿಧನರಾದರು. ಆಗ ಅವರಿಗೆ 83 ವರ್ಷ ವಯಸ್ಸಾಗಿತ್ತು.