ಟಿಪ್ಪುವಿನ ರಾಕೆಟ್ ಪಡೆ: ಒಂದೇ ಕೈಯ ಬಲ, ಒಂದೇ ಕೈಯ ಅಪಾಯ

ನಾನು ಗುಂಡಗುರ್ತಿಯವನು. 1799ರಲ್ಲಿ ನಮ್ಮ ಸೇಡಂ, ಚಿತ್ತಾಪುರ ಸೀಮೆ ನಿಜಾಮನ ಆಳ್ವಿಕೆಯಲ್ಲಿತ್ತು. ಶ್ರೀರಂಗಪಟ್ಟಣದ ಮೇಲೆ ಬ್ರಿಟಿಷರ ಜೊತೆ ಏರಿಹೋದದ್ದು ಅದೇ ನಿಜಾಮನ ದಂಡು. ಹೀಗಾಗಿ ಟಿಪ್ಪು ಸುಲ್ತಾನ್ ನಮ್ಮ ಕಡೆಯ ದೊರೆಯೇನೂ ಅಲ್ಲ. ಅವನನ್ನು ಹೊಗಳುವ, ತೆಗಳುವ ಜಗಳಕ್ಕೂ ನಾನು ಹೋಗಂಗಿಲ್ಲ. ಅವನ ಬದುಕಿನಲ್ಲಿ ಇವತ್ತಿಗೂ ಬೇಕಾದ ಒಂದು ಪಾಠವಿದೆ, ಅದಷ್ಟೇ ಇಲ್ಲಿ ಹೇಳ್ತೇನೆ.

ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪುವಿಗೆ ರಾಕೆಟ್ ಮನೆತನದ ವಿದ್ಯೆ. ಅಜ್ಜ ಫತೆ ಮುಹಮ್ಮದ್ ರಾಕೆಟ್ ಸಿಪಾಯಿಗಳ ತುಕಡಿಯನ್ನು ನಡೆಸಿದವನು. ಅಪ್ಪ ಹೈದರಾಲಿ ಸುಮಾರು 1,200 ಜನರ ಪಡೆ ಕಟ್ಟಿದ. 1780ರ ಪೊಳ್ಳಿಲೂರು ಕಾಳಗದಲ್ಲಿ ಬ್ರಿಟಿಷರ ಮದ್ದಿನ ಗಾಡಿಗಳು ಸಿಡಿದು, ಕರ್ನಲ್ ಬೇಲಿಯ ಸೈನ್ಯ ಸೋತಿತು. 1782ರಲ್ಲಿ ಹೈದರ್ ತೀರಿಕೊಂಡ ಮೇಲೆ ಟಿಪ್ಪು ಆ ಪಡೆಯನ್ನು ಸುಮಾರು 5,000ಕ್ಕೆ ಬೆಳೆಸಿದ.

ಲೆಕ್ಕಕ್ಕಿಂತ ದೊಡ್ಡದು ವ್ಯವಸ್ಥೆ. ಮದ್ದನ್ನು ಕಬ್ಬಿಣದ ಕೊಳವೆಯಲ್ಲಿ ತುಂಬಿದ್ದರಿಂದ ಒಳಗಿನ ಒತ್ತಡ ತಡೆದು ರಾಕೆಟ್ ದೂರ ಹೋಗ್ತಿತ್ತು. ಬಾಲಕ್ಕೆ ಬಿದಿರು ಅಥವಾ ಕತ್ತಿಯ ಅಲಗು. ಗುರಿಯ ದೂರ ನೋಡಿ ಎಷ್ಟು ಓರೆಯಾಗಿ ಹಾರಿಸಬೇಕೆಂದು ಸಿಪಾಯಿಗೆ ತರಬೇತಿ. ಸೈನ್ಯದ ಪ್ರತಿ ಕುಶೂನಿಗೂ ರಾಕೆಟ್ ತುಕಡಿ. ಬೆಂಗಳೂರಿನ ತಾರಾಮಂಡಲಪೇಟೆಯಂಥ ಕಡೆ ತಯಾರಿಕೆ. ನಮ್ಮ ವಾಡಿಯ ಸಿಮೆಂಟ್ ಕಾರ್ಖಾನೆ ನೋಡಿದವರಿಗೆ ಇದು ಬೇಗ ತಿಳಿತದೆ: ಗಣಿ, ಭಟ್ಟಿ, ರೈಲು ಒಬ್ಬರ ಕೈಯಲ್ಲಿದ್ದರೆ ಕೆಲಸ ನಿಲ್ಲಂಗಿಲ್ಲ. ಕಾಳಗದಲ್ಲಿ ಕಂಡ ಕೊರತೆ ನೇರ ಕುಲುಮೆಗೆ ತಲುಪಬಹುದಿತ್ತು, ಯಾಕಂದರೆ ಎರಡಕ್ಕೂ ಒಡೆಯ ಒಬ್ಬನೇ.

ಅಪಾಯವೂ ಅಲ್ಲೇ ಇತ್ತು. 1792ರ ಒಪ್ಪಂದದಲ್ಲಿ ಅರ್ಧ ರಾಜ್ಯ ಹೋಯಿತು, ಇಬ್ಬರು ಮಕ್ಕಳು ಒತ್ತೆಯಾದರು. 1799ರ ಮೇ 4ರಂದು ಟಿಪ್ಪು ಕೋಟೆಯಲ್ಲೇ ಸತ್ತ. ಅವನ ಜೊತೆ ರಾಕೆಟ್ ವ್ಯವಸ್ಥೆಯೂ ಮುಗಿಯಿತು. ಸಿಕ್ಕ ರಾಕೆಟ್‌ಗಳು ಇಂಗ್ಲೆಂಡಿನ ವುಲಿಚ್ ಸೇರಿದವು. ಅಲ್ಲಿ ವಿಲಿಯಂ ಕಾಂಗ್ರೀವ್ ಪರೀಕ್ಷೆ ಮಾಡಿ, ನಕ್ಷೆ ಬರೆದು, ಪುಸ್ತಕ ಅಚ್ಚು ಹಾಕಿಸಿದ. 1807ರಲ್ಲಿ ಕೋಪನ್‌ಹೇಗನ್ ಮೇಲೆ ಆ ವಿದ್ಯೆಯೇ ಉರಿಯಿತು. ನಮ್ಮಲ್ಲಿ ಉಳಿದದ್ದು? 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಒಂದು ಹಾಳುಬಾವಿಯ ಕೆಸರಿನಿಂದ 1,000ಕ್ಕೂ ಹೆಚ್ಚು ರಾಕೆಟ್ ತೆಗೆದರು. ವಸ್ತು ಉಳಿದಿತ್ತು, ಮಾಡುವ ಕೈ ಉಳಿದಿರಲಿಲ್ಲ.

ಈಗ ಮತ್ತೆ ಅದೇ ಪ್ರಶ್ನೆ. 2019ರಲ್ಲಿ ಮೂರೂ ಪಡೆಗಳಿಗೆ ಸೇರಿದ ರಕ್ಷಣಾ ಬಾಹ್ಯಾಕಾಶ ಸಂಸ್ಥೆ ಬೆಂಗಳೂರಿನಲ್ಲಿ ಶುರುವಾಯಿತು. ಆದರೆ ಉಪಗ್ರಹ ಹಾರಿಸುವುದು ಇಸ್ರೊ. ಅದೇ ವರ್ಷ ಮಾರ್ಚ್ 27ರಂದು ಉಪಗ್ರಹ ಹೊಡೆದುರುಳಿಸಿದ ಕ್ಷಿಪಣಿ ಡಿಆರ್‌ಡಿಒದ್ದು. ಖರೀದಿಯ ಕಡತ ದೆಹಲಿಯಲ್ಲಿ. ಇವನ್ನೆಲ್ಲ ಒಂದೇ ಆಜ್ಞೆಯಡಿ ತನ್ನಿ ಅನ್ನುವವರ ಮಾತಿನಲ್ಲಿ ಹುರುಳಿದೆ. ಟಿಪ್ಪುವೇ ಅದಕ್ಕೆ ಸಾಕ್ಷಿ. ಆದರೆ ಆ ಅಧಿಕಾರ ಒಂದು ಹುದ್ದೆಗೆ ಸೇರಬೇಕು, ಒಬ್ಬ ಮನುಷ್ಯನಿಗಲ್ಲ. ಪರೀಕ್ಷೆಯಲ್ಲಿ ಸೋತದ್ದೂ ದಾಖಲೆಯಾಗಬೇಕು, ಖರ್ಚಿನ ಲೆಕ್ಕ ಸಂಸತ್ತಿಗೆ ಬರಬೇಕು, ದೊಡ್ಡವರು ಬದಲಾದರೂ ಕುಲುಮೆ ಆರಬಾರದು. ಇಷ್ಟಾಗದೆ ಬರೀ ಆಜ್ಞೆ ಒಂದಾದರೆ, ಮುಂದಿನವರೂ ನಮ್ಮ ವಿದ್ಯೆಯನ್ನು ಬಾವಿಯಲ್ಲೇ ಹುಡುಕಬೇಕಾಗ್ತದೆ.