ಶಾಲೆಯಿಂದ ಸೆರೆಮನೆಗೆ: ಸ್ವಾಮಿ ರಮಾನಂದ ತೀರ್ಥರ ಜೀವನ

ನನ್ನ ಬೋಧನಾ ವಿಷಯಗಳು ಗಣಿತ ಮತ್ತು ಭೌತವಿಜ್ಞಾನ. ಅಳವಂಡಿಯಲ್ಲಿ ಬೋಧನಾಭ್ಯಾಸ ನಡೆಯುತ್ತಿದ್ದಾಗ ಸೆಪ್ಟೆಂಬರ್ 17ರ ಪ್ರಾರ್ಥನಾ ಸಭೆಯಲ್ಲಿ ಹೈದರಾಬಾದ್ ವಿಮೋಚನೆಯ ಬಗ್ಗೆ ಹತ್ತು ನಿಮಿಷ ಮಾತನಾಡುವ ಸರದಿ ನನಗೆ ಬಂತು. ಅದಕ್ಕೆ ಒಂದು ವಾರ ಮೊದಲು ನಮ್ಮ ಸಮಾಜ ವಿಜ್ಞಾನದ ಸಹ ಪ್ರಶಿಕ್ಷಣಾರ್ಥಿ ಸರ್ವಾಧಿಕಾರದ ಪಾಠ ಮಾಡಿದ್ದರು. ಇಟಲಿಯ ಮುಸೊಲಿನಿ, ಜರ್ಮನಿಯ ಹಿಟ್ಲರ್ ಜೊತೆಗೆ 1939ರಿಂದ 1975ರವರೆಗೆ ಸ್ಪೇನ್ ದೇಶವನ್ನು ಆಳಿದ ಫ್ರಾಂಕೊನ ಹೆಸರೂ ಬಂದಿತ್ತು. ಪಾಠ ವೀಕ್ಷಣೆಗೆಂದು ನಾನು ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಅಂಥ ಆಳ್ವಿಕೆ ನಮ್ಮ ಕಡೆ ಎಂದಾದರೂ ಇತ್ತೇ ಎಂದು ಒಬ್ಬ ಹುಡುಗ ಕೇಳಿದ. ಆ ಪ್ರಶ್ನೆಗೆ ಉತ್ತರ ಕೊಡುವಷ್ಟರಲ್ಲಿ ಗಂಟೆ ಬಾರಿಸಿತು. ಉತ್ತರ ಹುಡುಕುವ ಕೆಲಸ ನನ್ನ ಪಾಲಿಗೆ ಉಳಿಯಿತು.

ಅಳವಂಡಿಯ ಮಕ್ಕಳಿಗೆ ಶಿವಮೂರ್ತಿಸ್ವಾಮಿಗಳ ಹೆಸರು ಗೊತ್ತು. ನೆರೆಯ ಮುಂಡರಗಿಯಲ್ಲಿ ಶಿಬಿರ ಕಟ್ಟಿ ರಜಾಕಾರರನ್ನು ಎದುರಿಸಿದ ಈ ಊರಿನ ಹೋರಾಟಗಾರರು ಅವರು, 1952ರಲ್ಲಿ ಲೋಕಸಭೆಗೂ ಹೋದವರು. ಅವರ ಬಗ್ಗೆ ಮಕ್ಕಳು ನನಗಿಂತ ಹೆಚ್ಚು ಬಲ್ಲರು. ಆದ್ದರಿಂದ ಮುಂಡರಗಿಯಂಥ ಶಿಬಿರಗಳ ಹಿಂದೆ ಇಡೀ ಹೈದರಾಬಾದ್ ಸಂಸ್ಥಾನದ ಚಳವಳಿಯನ್ನು ಮುನ್ನಡೆಸಿದವರು ಯಾರು ಎಂದು ಓದಲು ಹೊರಟೆ. ಆಗ ಸಿಕ್ಕವರು ಸ್ವಾಮಿ ರಮಾನಂದ ತೀರ್ಥರು. ಅವರು ಒಬ್ಬ ಶಾಲಾ ಮುಖ್ಯ ಗುರುಗಳಾಗಿದ್ದರು ಎಂಬುದು ಅಲ್ಲಿಯವರೆಗೆ ನನಗೆ ತಿಳಿದಿರಲಿಲ್ಲ.

ಅವರ ಹುಟ್ಟುಹೆಸರು ವೆಂಕಟೇಶ ಖೇಡಗೀಕರ. 1903ರ ಅಕ್ಟೋಬರ್ 3ರಂದು ಇಂದಿನ ವಿಜಯಪುರ ಜಿಲ್ಲೆಯ ಸಿಂದಗಿಯಲ್ಲಿ ಜನಿಸಿದರು. ಮನೆಮಾತು ಮರಾಠಿ, ಹುಟ್ಟಿದ ನೆಲ ಕನ್ನಡದ್ದು. ಸೊಲ್ಲಾಪುರದಲ್ಲಿ ಪ್ರೌಢಶಾಲೆ ಓದುತ್ತಿದ್ದಾಗ, 1920ರಲ್ಲಿ ಲೋಕಮಾನ್ಯ ತಿಲಕರು ತೀರಿಕೊಂಡರು. ಆ ದಿನಗಳಲ್ಲೇ ಹುಡುಗ ವೆಂಕಟೇಶ ಮದುವೆಯಾಗದೆ ದೇಶಸೇವೆ ಮಾಡುವ ನಿರ್ಧಾರಕ್ಕೆ ಬಂದರು. ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಸರ್ಕಾರಿ ಶಿಕ್ಷಣ ತೊರೆದು ರಾಷ್ಟ್ರೀಯ ಶಿಕ್ಷಣ ಸಂಸ್ಥೆಗಳಲ್ಲಿ ಓದು ಮುಂದುವರಿಸಿದರು. ಪುಣೆಯ ತಿಲಕ್ ವಿದ್ಯಾಪೀಠದಲ್ಲಿ ಎಂ.ಎ. ಪದವಿಗೆ ಅವರು ಆರಿಸಿಕೊಂಡ ವಿಷಯ ಪ್ರಜಾಪ್ರಭುತ್ವದ ಬೆಳವಣಿಗೆ. ಮುಂದೆ ಪ್ರಜಾಪ್ರಭುತ್ವವೇ ಇಲ್ಲದ ಸಂಸ್ಥಾನದಲ್ಲಿ ಬಾಳು ಸವೆಸಬೇಕಾದ ಮನುಷ್ಯನಿಗೆ ಅದು ತಕ್ಕ ತಯಾರಿಯೇ ಆಯಿತು.

ಓದು ಮುಗಿದ ಮೇಲೆ ಕಾರ್ಮಿಕ ನಾಯಕ ಎನ್.ಎಂ. ಜೋಶಿಯವರ ಕಾರ್ಯದರ್ಶಿಯಾಗಿ ದುಡಿದರು. ಆರೋಗ್ಯ ಕೆಟ್ಟು ಆ ಕೆಲಸ ಬಿಡಬೇಕಾಯಿತು. 1929ರ ಸುಮಾರಿಗೆ ಉಸ್ಮಾನಾಬಾದ್ ಜಿಲ್ಲೆಯ ಹಿಪ್ಪರಗಾ ಎಂಬ ಹಳ್ಳಿಯ ರಾಷ್ಟ್ರೀಯ ಶಾಲೆಗೆ ಶಿಕ್ಷಕರಾಗಿ ಬಂದರು. ಆ ಹಳ್ಳಿ ನಿಜಾಮರ ಸೀಮೆಯಲ್ಲಿತ್ತು. ಬ್ರಿಟಿಷ್ ಭಾರತದಿಂದ ನಿಜಾಮರ ರಾಜ್ಯಕ್ಕೆ ಅವರು ಕಾಲಿಟ್ಟದ್ದು ರಾಜಕಾರಣಿಯಾಗಿ ಅಲ್ಲ, ಮಾಸ್ತರರಾಗಿ. ನಂತರ ಸಂನ್ಯಾಸ ಸ್ವೀಕರಿಸಿ ರಮಾನಂದ ತೀರ್ಥರಾದರು. ಕಾವಿ ಉಟ್ಟರೂ ಮಠ ಸೇರಲಿಲ್ಲ, ಶಾಲೆ ಬಿಡಲಿಲ್ಲ. ಮುಂದೆ ಅಂಬಾಜೋಗಾಯಿಯ ಯೋಗೇಶ್ವರಿ ಶಾಲೆಯ ಮುಖ್ಯ ಗುರುಗಳಾದರು.

ಆ ಕಾಲದ ಹೈದರಾಬಾದ್ ಸಂಸ್ಥಾನ ಹೇಗಿತ್ತು ಎಂಬುದನ್ನು ಇಲ್ಲಿ ಹೇಳಬೇಕು. ಹದಿನಾರು ಜಿಲ್ಲೆಗಳು, ತೆಲುಗು, ಮರಾಠಿ, ಕನ್ನಡ ಮತ್ತು ಉರ್ದು ಮಾತನಾಡುವ ಸುಮಾರು 1 ಕೋಟಿ 60 ಲಕ್ಷ ಜನ. ಬೀದರ್, ಕಲಬುರಗಿ, ರಾಯಚೂರು ಕನ್ನಡದ ಜಿಲ್ಲೆಗಳು. ಕೊಪ್ಪಳ ಸಾಲಾರ್ ಜಂಗ್ ಮನೆತನದ ಜಹಗೀರಾಗಿತ್ತು. 1911ರಿಂದ ಪಟ್ಟದಲ್ಲಿದ್ದವರು ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್. ಆಡಳಿತದ ಭಾಷೆ ಉರ್ದು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಮಾಧ್ಯಮವೂ ಉರ್ದು. ಒಂದು ಭಾರತೀಯ ಭಾಷೆಯಲ್ಲಿ ವೈದ್ಯಕೀಯ, ವಿಜ್ಞಾನ ಕಲಿಸಿದ್ದು ದೊಡ್ಡ ಸಾಧನೆಯೇ ಹೌದು. ಆದರೆ ಕನ್ನಡ, ತೆಲುಗು, ಮರಾಠಿ ಮಕ್ಕಳಿಗೆ ಅದು ಮನೆಯ ಭಾಷೆಯಾಗಿರಲಿಲ್ಲ. ಖಾಸಗಿ ಶಾಲೆ ತೆರೆಯಲು ಸರ್ಕಾರದ ಅನುಮತಿ ಬೇಕಿತ್ತು. ಗಸ್ತಿ 53 ಎಂಬ ಸುತ್ತೋಲೆಯ ಪ್ರಕಾರ ಸಭೆ ಸೇರಲೂ ಅನುಮತಿ ಬೇಕಿತ್ತು. ಮಕ್ಕಳಿಗೆ ಅವರ ಮಾತಿನಲ್ಲೇ ಕಲಿಸಬೇಕೆಂದು ಕೇಳುವುದೂ ಅಲ್ಲಿ ರಾಜಕೀಯವಾಗುತ್ತಿತ್ತು. ಹೀಗೆ ಪಾಠ ಮಾಡುತ್ತಿದ್ದವರೇ ಚಳವಳಿಯ ದಾರಿ ಹಿಡಿದರು.

ಜನರು ಮೊದಲು ಭಾಷಾವಾರು ಪರಿಷತ್ತುಗಳ ಮೂಲಕ ಒಂದಾದರು. ತೆಲುಗರಿಗೆ ಆಂಧ್ರ ಮಹಾಸಭೆ, ಮರಾಠಿಗರಿಗೆ ಮಹಾರಾಷ್ಟ್ರ ಪರಿಷತ್ತು, ನಮಗೆ ಕರ್ನಾಟಕ ಪರಿಷತ್ತು. 1938ರಲ್ಲಿ ಎಲ್ಲರೂ ಸೇರಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಕಟ್ಟಲು ಹೊರಟಾಗ, ಅದು ಹುಟ್ಟುವ ಮೊದಲೇ ಸರ್ಕಾರ ನಿಷೇಧ ಹೇರಿತು. ಸ್ವಾಮೀಜಿ ಮುಖ್ಯ ಗುರುಗಳ ಹುದ್ದೆ ಬಿಟ್ಟರು. ಅಕ್ಟೋಬರ್ ಕೊನೆಯ ವಾರದಲ್ಲಿ ಸತ್ಯಾಗ್ರಹ ಆರಂಭವಾಯಿತು, ಅವರು ಸೆರೆಮನೆ ಸೇರಿದರು.

ಅದೇ ಸಮಯದಲ್ಲಿ ಧರ್ಮದ ಹೆಸರಿನ ಸಂಘಟನೆಗಳೂ ನಿಜಾಮರ ವಿರುದ್ಧ ಪ್ರತ್ಯೇಕ ಸತ್ಯಾಗ್ರಹ ನಡೆಸುತ್ತಿದ್ದವು. ಎರಡೂ ಬೆರೆತು ಹೋದರೆ ಪ್ರಜೆಗಳ ಹಕ್ಕಿನ ಹೋರಾಟ ಎರಡು ಧರ್ಮಗಳ ಜಗಳದಂತೆ ಕಾಣುವ ಅಪಾಯವಿತ್ತು. ಗಾಂಧೀಜಿಯವರ ಸಲಹೆಯಂತೆ ಸ್ಟೇಟ್ ಕಾಂಗ್ರೆಸ್ 1938ರ ಡಿಸೆಂಬರ್ 24ರಂದು ತನ್ನ ಸತ್ಯಾಗ್ರಹವನ್ನೇ ನಿಲ್ಲಿಸಿತು. ಎರಡು ತಿಂಗಳು ಸತ್ಯಾಗ್ರಹ ಮಾಡಿ ಜೈಲು ಸೇರಿದವರಿಗೆ ಇದು ಸುಲಭದ ನಿರ್ಧಾರವಲ್ಲ. ಆದರೆ ವಿರೋಧ ಯಾರಿಗೆ ಎಂಬುದು ಸ್ಪಷ್ಟವಾಗಿರಬೇಕಿತ್ತು. ವಿರೋಧ ಇದ್ದದ್ದು ಪ್ರಜೆಗಳಿಗೆ ಉತ್ತರ ಹೇಳದ ಆಳ್ವಿಕೆಗೆ, ಆಳುವವನ ಧರ್ಮಕ್ಕಲ್ಲ.

ಬಿಡುಗಡೆಯಾದ ಮೇಲೆ 1940ರಲ್ಲಿ ವೈಯಕ್ತಿಕ ಸತ್ಯಾಗ್ರಹಕ್ಕಾಗಿ ಮತ್ತೆ ಸೆರೆಯಾದರು, 1942ರಲ್ಲಿ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಇನ್ನೊಮ್ಮೆ. ಸ್ಟೇಟ್ ಕಾಂಗ್ರೆಸ್ ಮೇಲಿನ ನಿಷೇಧ ತೆರವಾದದ್ದು 1946ರಲ್ಲಿ. ಸ್ವಾಮೀಜಿ ಅದರ ಅಧ್ಯಕ್ಷರಾದರು. ಮರುವರ್ಷ ಬ್ರಿಟಿಷರು ಹೊರಡುವುದು ಖಚಿತವಾದಾಗ ನಿಜಾಮರು ತಮ್ಮದು ಸ್ವತಂತ್ರ ರಾಜ್ಯವಾಗುತ್ತದೆ ಎಂದು ಘೋಷಿಸಿದರು. ಸ್ಟೇಟ್ ಕಾಂಗ್ರೆಸ್ 1947ರ ಆಗಸ್ಟ್ 7ನ್ನು ಭಾರತ ಒಕ್ಕೂಟ ಸೇರುವ ದಿನವನ್ನಾಗಿ ಆಚರಿಸಿತು. ಆಗಸ್ಟ್ 15ರಂದು ದೇಶವೆಲ್ಲ ಹಬ್ಬ ಮಾಡುತ್ತಿದ್ದಾಗ ಸ್ವಾಮೀಜಿಯವರನ್ನು ಮತ್ತೆ ಬಂಧಿಸಲಾಯಿತು. ನವೆಂಬರ್ 29ರಂದು ಭಾರತ ಸರ್ಕಾರ ಮತ್ತು ನಿಜಾಮರ ನಡುವೆ ಯಥಾಸ್ಥಿತಿ ಒಪ್ಪಂದವಾದಾಗ ಬಿಡುಗಡೆ ಸಿಕ್ಕಿತು. 1948ರ ಜನವರಿ 26ರಂದು ಮತ್ತೆ ಬಂಧನ. ಹೊರಗೆ ಇದ್ದದ್ದು ಎರಡು ತಿಂಗಳಿಗೂ ಕಡಿಮೆ.

ಆ ವರ್ಷ ಹಳ್ಳಿಗಳಲ್ಲಿ ನಡೆದದ್ದು ನಮ್ಮ ಕಡೆಯ ಹಿರಿಯರ ಮಾತಿನಲ್ಲಿ ಇಂದಿಗೂ ಉಳಿದಿದೆ. ಲಾತೂರಿನ ವಕೀಲ ಕಾಸಿಂ ರಜ್ವಿಯ ನೇತೃತ್ವದ ರಜಾಕಾರರ ಪಡೆ ಊರುಗಳನ್ನು ಲೂಟಿ ಮಾಡಿತು. ಬೀದರ್ ಜಿಲ್ಲೆಯ ಗೋರಟಾ ಗ್ರಾಮದಲ್ಲಿ 1948ರ ಮೇ ತಿಂಗಳಲ್ಲಿ ಹತ್ಯಾಕಾಂಡ ನಡೆಯಿತು. ಜನ ಹೊಲ ಮನೆ ಬಿಟ್ಟು ಗಡಿಯಾಚೆಗೆ ಓಡಿದರು. ಅಳವಂಡಿಯವರಿಗೆ ಆ ಗಡಿ ದೂರವಿರಲಿಲ್ಲ. ಮುಂಡರಗಿ ಆಗ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿತ್ತು, ಅಂದರೆ ಸ್ವತಂತ್ರ ಭಾರತದಲ್ಲಿತ್ತು. ಶಿಬಿರಗಳು ಗಡಿಯ ಉದ್ದಕ್ಕೂ ಎದ್ದದ್ದು ಈ ಕಾರಣಕ್ಕೆ. ಮುಂದೆ ಪ್ರಧಾನಿಯಾದ ಪಿ.ವಿ. ನರಸಿಂಹರಾವ್ ಅವರೂ ಯುವಕರಾಗಿ ಚಾಂದಾದ ಶಿಬಿರದಲ್ಲಿ ದುಡಿದರು, ಸ್ವಾಮೀಜಿಯವರನ್ನು ಗುರುವಾಗಿ ಕಂಡರು.

ನನ್ನ ಮೊದಲ ಟಿಪ್ಪಣಿಯಲ್ಲಿ ತಪ್ಪಾದದ್ದು ಈ ಭಾಗದಲ್ಲೇ. ರಜಾಕಾರರು ಎಂದು ಬರೆಯಬೇಕಾದ ಕಡೆ ಎರಡು ಸಾಲಿನಲ್ಲಿ ಮುಸ್ಲಿಮರು ಎಂದು ಬರೆದಿದ್ದೆ. ಚಿಕ್ಕಂದಿನಿಂದ ಕೇಳಿದ ಮಾತು ಹಾಗೆಯೇ ಪೆನ್ನಿಗೆ ಇಳಿದಿತ್ತು. ಟಿಪ್ಪಣಿ ತಿದ್ದಿದ ನಮ್ಮ ಮಾರ್ಗದರ್ಶಕ ಉಪನ್ಯಾಸಕರು ಆ ಎರಡು ಪದಗಳ ಕೆಳಗೆ ಗೆರೆ ಎಳೆದು, ಸಭೆಯ ಮೊದಲ ಸಾಲಿನಲ್ಲಿ ಯಾರು ಯಾರು ಕೂರುತ್ತಾರೆ ಎಂದಷ್ಟೇ ಕೇಳಿದರು. ಒಂಬತ್ತನೇ ತರಗತಿಯಲ್ಲಿ ಗಣಿತಕ್ಕೆ ಮೊದಲು ಕೈ ಎತ್ತುವ ಹುಡುಗಿಯ ಮುಖ ನನ್ನ ಕಣ್ಣಿಗೆ ಬಂತು. ಅವಳ ಮನೆಯಲ್ಲಿ ಮಾತನಾಡುವುದು ಉರ್ದು.

ಮತ್ತೆ ಓದಲು ಕುಳಿತಾಗ ಶೋಯೆಬುಲ್ಲಾ ಖಾನ್ ಸಿಕ್ಕರು. ಹೈದರಾಬಾದಿನ ಇಮ್ರೋಜ್ ಎಂಬ ಉರ್ದು ಪತ್ರಿಕೆಯ ಯುವ ಸಂಪಾದಕರು. ಸಂಸ್ಥಾನ ಭಾರತ ಸೇರಬೇಕೆಂದು ಬರೆದದ್ದಕ್ಕೆ 1948ರ ಆಗಸ್ಟ್‌ನಲ್ಲಿ ಅವರನ್ನು ನಡುಬೀದಿಯಲ್ಲಿ ಕೊಂದರು, ಬರೆಯುವ ಕೈಯನ್ನೇ ಕತ್ತರಿಸಿದರು. ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳಬಂತು. 17ರಂದು ನಿಜಾಮರು ಶರಣಾದರು, ಸ್ವಾಮೀಜಿ ಸೆರೆಯಿಂದ ಹೊರಬಂದರು. ಅದರ ನಂತರದ ವಾರಗಳಲ್ಲಿ ನಡೆದದ್ದನ್ನು ನಾವು ಮಕ್ಕಳಿಗೆ ಸಾಮಾನ್ಯವಾಗಿ ಹೇಳುವುದಿಲ್ಲ. ಹಲವು ಜಿಲ್ಲೆಗಳಲ್ಲಿ ರಜಾಕಾರರ ತಪ್ಪಿಗೆ ಏನೂ ಅರಿಯದ ಮುಸ್ಲಿಂ ಕುಟುಂಬಗಳು ಪ್ರಾಣ ಕೊಟ್ಟವು. ಕೇಂದ್ರ ಸರ್ಕಾರವೇ ಪಂಡಿತ್ ಸುಂದರಲಾಲ್ ಸಮಿತಿಯನ್ನು ಕಳುಹಿಸಿತು. ಉಸ್ಮಾನಾಬಾದ್, ಕಲಬುರಗಿ, ಬೀದರ್, ನಾಂದೇಡ್ ಜಿಲ್ಲೆಗಳು ಹೆಚ್ಚು ನೊಂದವೆಂದು ಸಮಿತಿ ವರದಿ ಮಾಡಿತು. ಆ ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ. ಒಂದು ಕಡೆಯ ನೋವನ್ನು ಮಾತ್ರ ಹೇಳಿದರೆ ಪಾಠ ಅರ್ಧವಾಗುತ್ತದೆ. 1938ರ ಡಿಸೆಂಬರ್‌ನಲ್ಲಿ ಸತ್ಯಾಗ್ರಹ ನಿಲ್ಲಿಸಿದ್ದು ಏಕೆ ಎಂಬುದು ಇದನ್ನು ಓದಿದ ಮೇಲೆ ನನಗೆ ಚೆನ್ನಾಗಿ ಅರ್ಥವಾಯಿತು.

ವಿಮೋಚನೆಯ ನಂತರ ಸ್ವಾಮೀಜಿಗೆ ವಿಶ್ರಾಂತಿ ಸಿಗಲಿಲ್ಲ. ಉಳುವವನಿಗೆ ಭೂಮಿಯ ಹಕ್ಕು ಸಿಗಬೇಕೆಂದು ಒತ್ತಾಯಿಸಿದರು. ಜಹಗೀರುಗಳು 1949ರಲ್ಲಿ ರದ್ದಾದವು. 1952ರಲ್ಲಿ ಕಲಬುರಗಿಯಿಂದ, 1957ರಲ್ಲಿ ಔರಂಗಾಬಾದಿನಿಂದ ಲೋಕಸಭೆಗೆ ಆಯ್ಕೆಯಾದರು. ತಾವು ನಾಯಕರಾಗಿದ್ದ ಹೈದರಾಬಾದ್ ರಾಜ್ಯವೇ ಭಾಷೆಗಳಿಗೆ ತಕ್ಕಂತೆ ಒಡೆದು ನೆರೆಯ ರಾಜ್ಯಗಳನ್ನು ಸೇರಬೇಕೆಂದು ವಾದಿಸಿದರು. ಆ ರಾಜ್ಯ ಉಳಿದಿದ್ದರೆ ಅವರ ಸ್ಥಾನವೂ ದೊಡ್ಡದಾಗಿ ಉಳಿಯುತ್ತಿತ್ತೇನೋ. ಆದರೆ ಮಕ್ಕಳಿಗೆ ಅವರ ಮಾತಿನಲ್ಲೇ ಕಲಿಸಲು ಹೊರಟ ಮಾಸ್ತರರಿಗೆ ಬೇರೆ ದಾರಿ ಸರಿ ಕಂಡಿರಲಾರದು. 1956ರ ನವೆಂಬರ್ 1ರಂದು ಕನ್ನಡದ ಮೂರು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಬಂದವು. ಕೊಪ್ಪಳವೂ ರಾಯಚೂರು ಜಿಲ್ಲೆಯ ಭಾಗವಾಗಿ ಬಂತು.

ಶಿಕ್ಷಣದ ನಂಟನ್ನು ಅವರು ಕೊನೆಯವರೆಗೂ ಬಿಡಲಿಲ್ಲ. ನಾಂದೇಡಿನಲ್ಲಿ ಶಿಕ್ಷಣ ಸಂಸ್ಥೆ ಕಟ್ಟಿದರು. 1967ರಲ್ಲಿ ಹೋರಾಟದ ನೆನಪುಗಳನ್ನು ಪುಸ್ತಕವಾಗಿ ಬರೆದರು. 1972ರ ಜನವರಿ 22ರಂದು ತೀರಿಕೊಂಡರು. ಹೈದರಾಬಾದಿನ ಬೇಗಂಪೇಟೆಯಲ್ಲಿ ಅವರ ಸ್ಮಾರಕವಿದೆ, ನಾಂದೇಡಿನ ವಿಶ್ವವಿದ್ಯಾಲಯಕ್ಕೆ ಅವರ ಹೆಸರಿದೆ. ಅವರು ಹುಟ್ಟಿದ ಕನ್ನಡ ನಾಡಿನಲ್ಲಿ ನಮ್ಮಂಥ ಶಿಕ್ಷಕರಾದರೂ ಅವರನ್ನು ನೆನೆಯಬೇಕು.

ಸೆಪ್ಟೆಂಬರ್ 17ರ ಬೆಳಿಗ್ಗೆ ಹತ್ತು ನಿಮಿಷದಲ್ಲಿ ಇಷ್ಟನ್ನೂ ಹೇಳಲಾಗಲಿಲ್ಲ. ಕಪ್ಪುಹಲಗೆಯನ್ನು ಅಂಗಳಕ್ಕೆ ತಂದು ಒಂದು ಕಾಲರೇಖೆ ಎಳೆದೆ. ಅದರ ಮೇಲೆ ಐದು ಬಂಧನಗಳನ್ನು ಗುರುತಿಸಿದೆ. ದೇಶಕ್ಕೆ ಸ್ವಾತಂತ್ರ್ಯ ಬಂದ ದಿನಕ್ಕೂ ನಮ್ಮ ಭಾಗಕ್ಕೆ ಬಂದ ದಿನಕ್ಕೂ ಎಷ್ಟು ದಿನಗಳ ಅಂತರ ಎಂದು ಮಕ್ಕಳಿಗೆ ಲೆಕ್ಕ ಕೊಟ್ಟೆ. 1948 ಅಧಿಕ ವರ್ಷ ಎಂಬುದನ್ನು ಹೆಚ್ಚಿನವರು ಮರೆತರು. 399 ಎಂದು ಸರಿಯಾಗಿ ಹೇಳಿದವಳು ಆ ಹುಡುಗಿಯೇ. ಶೋಯೆಬುಲ್ಲಾ ಖಾನರ ಹೆಸರನ್ನು ಹೇಗೆ ಬರೆಯಬೇಕು ಎಂದು ಸಭೆ ಮುಗಿದ ಮೇಲೆ ಬಂದು ಕೇಳಿದಳು. ಹಲಗೆಯ ಮೇಲೆ ಕನ್ನಡದಲ್ಲಿ ಬರೆದು ತೋರಿಸಿದೆ. ಅದರ ಕೆಳಗೆ ಅವಳೇ ಉರ್ದುವಿನಲ್ಲಿ ಬರೆದಳು.

ಸಹ ಪ್ರಶಿಕ್ಷಣಾರ್ಥಿಗಳಲ್ಲಿ ನನ್ನದೊಂದು ವಿನಂತಿ. ನಮ್ಮ ಭಾಗದ ಯಾವ ಶಾಲೆಗೆ ಹೋದರೂ ಸೆಪ್ಟೆಂಬರ್ 17 ಬಂದೇ ಬರುತ್ತದೆ. ಅಂದು ಹೇಳುವ ಕಥೆಯ ಟಿಪ್ಪಣಿ ಬರೆದ ಮೇಲೆ, ಮೊದಲ ಸಾಲಿನಲ್ಲಿ ಕೂರುವ ಮಕ್ಕಳ ಮುಖಗಳನ್ನು ನೆನೆದು ಅದನ್ನು ಇನ್ನೊಮ್ಮೆ ಓದಿ.